ಸಣ್ಣ ಆಫೀಸಿಗೆ ಸೈಬರ್ ಕಾವಲು: ಸೊಸೈಟಿ, ಶಾಲೆ, ನರ್ಸಿಂಗ್ ಹೋಮ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

"ನಮ್ಮಂಥ ಸಣ್ಣ ಸೊಸೈಟಿನ ಯಾರು ಸಾರ್ ಹ್ಯಾಕ್ ಮಾಡ್ತಾರೆ?" ಸಣ್ಣ ಊರುಗಳ ಆಫೀಸುಗಳಿಗೆ ಕಂಪ್ಯೂಟರ್ ಕೆಲಸಕ್ಕೆ ಹೋದಾಗ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದು. ಹಾಗೆ ಕೇಳುವವರ ಮೇಜಿನ ಮೇಲಿರುವ ಒಂದೇ ಕಂಪ್ಯೂಟರ್‌ನಲ್ಲಿ ಸಾವಿರಾರು ಸದಸ್ಯರ ಆಧಾರ್ ಪ್ರತಿ, ಪ್ಯಾನ್, ಸಹಿ, ಫೋಟೋ, ಠೇವಣಿ ಲೆಕ್ಕ, ನಾಮಿನಿ ಹೆಸರು ಎಲ್ಲಾ ಇರುತ್ತದೆ. ಕಳ್ಳರು ಬೋರ್ಡ್ ಓದಿಕೊಂಡು ಬರುವುದಿಲ್ಲ. ಅವರ ಪ್ರೋಗ್ರಾಂಗಳು ಇಡೀ ಇಂಟರ್ನೆಟ್‌ನಲ್ಲಿ ಹಗಲು ರಾತ್ರಿ ಬಾಗಿಲು ತಳ್ಳಿ ನೋಡುತ್ತಾ ಹೋಗುತ್ತವೆ, ಎಲ್ಲಿ ಚಿಲಕ ಹಾಕಿಲ್ಲವೋ ಅಲ್ಲಿ ಒಳಗೆ ನುಗ್ಗುತ್ತವೆ.

ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ ಸುಮಾರು 94 ಕೋಟಿ ರೂಪಾಯಿ ಹೋಯಿತು. ಒಳಗೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ಪ್ರೋಗ್ರಾಂ ಬಿಟ್ಟು, 28 ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡ್‌ಗಳಲ್ಲಿ ಹಣ ತೆಗೆದರು. 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ನಿಂತುಹೋಯಿತು. ಅವುಗಳಿಗೆ ತಂತ್ರಜ್ಞಾನ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಎಂಬ ಕಂಪನಿಗೆ ರಾನ್ಸಮ್‌ವೇರ್, ಅಂದರೆ ಫೈಲ್‌ಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ಪ್ರೋಗ್ರಾಂ, ತಗುಲಿತ್ತು, ಹಾಗಾಗಿ ದೇಶದ ಯುಪಿಐನಂಥ ಪಾವತಿ ಜಾಲಗಳನ್ನು ನಡೆಸುವ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿಯಬೇಕಾಯಿತು. ಆ ಬ್ಯಾಂಕುಗಳ ಹೆಚ್ಚಿನ ಗ್ರಾಹಕರು ಆ ಕಂಪನಿಯ ಹೆಸರನ್ನೇ ಕೇಳಿರಲಿಕ್ಕಿಲ್ಲ.

5ರಿಂದ 50 ಕಂಪ್ಯೂಟರ್ ಇರುವ, ಪ್ರತ್ಯೇಕ ಐಟಿ ವಿಭಾಗ ಇಲ್ಲದ ಜಾಗಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮಾತು ಇಲ್ಲಿ ಕಡಿಮೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ, ಆದ್ದರಿಂದ ದಯವಿಟ್ಟು ಕೆಳಗಿನ ಕ್ರಮದಲ್ಲೇ ಮಾಡಿ.

1. ಒಂದು ನೋಟ್‌ಬುಕ್ ತಗೊಳ್ಳಿ, ಇರುವುದನ್ನೆಲ್ಲ ಬರೆಯಿರಿ

ಏನಿದೆ ಅಂತ ಗೊತ್ತಿಲ್ಲದೆ ಯಾವುದನ್ನು ಕಾಪಾಡುವುದು? ಒಂದು ದಿನ ಇದಕ್ಕೇ ಇಡಿ. ಪ್ರತಿ ಕಂಪ್ಯೂಟರ್ ಮುಂದೆ ಕುಳಿತು ಯಾರು ಬಳಸುತ್ತಾರೆ, ಯಾವ ವಿಂಡೋಸ್, ಯಾವ ಯಾವ ಸಾಫ್ಟ್‌ವೇರ್, ಅದರಲ್ಲಿ ಯಾವ ಮಾಹಿತಿ ಇದೆ ಅಂತ ಬರೆಯಿರಿ. ಆಮೇಲೆ ಜನ ಮರೆಯುವ ವಸ್ತುಗಳ ಕಡೆ ಹೋಗಿ: ರೂಟರ್, ಸಿಸಿಟಿವಿಯ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ, ಬೆರಳು ಒತ್ತುವ ಹಾಜರಾತಿ ಯಂತ್ರ, ವೈಫೈ ಪ್ರಿಂಟರ್. ಇವೂ ಕಂಪ್ಯೂಟರ್‌ಗಳೇ. ಡಿವಿಆರ್ ಹಾಕಿದ ದಿನ ಕೊಟ್ಟ ಪಾಸ್‌ವರ್ಡ್ ಹತ್ತು ವರ್ಷ ಕಳೆದರೂ ಅದೇ ಇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದನ್ನು ಅವತ್ತೇ ಬದಲಾಯಿಸಿ.

ಇದೇ ಪಟ್ಟಿಯಲ್ಲಿ ಜನರನ್ನೂ ಸೇರಿಸಿ. ಯಾರ ಹತ್ತಿರ ಯಾವ ಲಾಗಿನ್ ಇದೆ, ಕೆಲಸ ಬಿಟ್ಟುಹೋದವರ ಲಾಗಿನ್ ಇನ್ನೂ ಜೀವಂತವಾಗಿದೆಯೇ, ಹೊರಗಿನಿಂದ ಬಂದು ಸರ್ವಿಸ್ ಮಾಡುವವರಿಗೆ ಯಾವ ಪಾಸ್‌ವರ್ಡ್ ಗೊತ್ತಿದೆ. ಈ ಒಂದು ಪುಟ ಬರೆಯುವಷ್ಟರಲ್ಲೇ ಅರ್ಧ ತೊಂದರೆ ಕಣ್ಣಿಗೆ ಬೀಳುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಣಾ ಯೋಜನೆಗೆ ಸೇರದ ವಿಂಡೋಸ್ 10, ಮತ್ತು ಇನ್ನೂ ಉಳಿದಿರುವ ವಿಂಡೋಸ್ 7 ಕಂಪ್ಯೂಟರ್‌ಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಬದಲಿಸಲು ಈಗಲೇ ದುಡ್ಡಿಲ್ಲ ಅಂದರೆ ಅವುಗಳನ್ನು ಇಂಟರ್ನೆಟ್‌ನಿಂದಾದರೂ ಬಿಡಿಸಿ.

2. ಇಮೇಲ್‌ಗೆ ಎರಡನೇ ಬೀಗ

ಎಲ್ಲಕ್ಕಿಂತ ಮೊದಲು ಇಮೇಲ್ ಯಾಕೆ? ಬ್ಯಾಂಕ್, ಜಿಎಸ್‌ಟಿ, ಡೊಮೇನ್, ಕ್ಲೌಡ್ ಎಲ್ಲದರ "ಪಾಸ್‌ವರ್ಡ್ ಮರೆತಿದ್ದೀರಾ" ಲಿಂಕ್ ಬರುವುದು ಅಲ್ಲಿಗೇ. ಇಮೇಲ್ ಸಿಕ್ಕಿದವನಿಗೆ ಉಳಿದ ಬೀಗದ ಕೈಗಳೂ ಸಿಕ್ಕಿದ ಹಾಗೆ.

ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯನ್ನು ನೋಡಿ. 2021ರ ಮೇ ತಿಂಗಳಲ್ಲಿ ಅವರ ಪೆಟ್ರೋಲ್ ಪೈಪ್‌ಲೈನ್ ದಿನಗಟ್ಟಲೆ ನಿಂತು ಬಂಕ್‌ಗಳ ಮುಂದೆ ಸಾಲು ಬಿತ್ತು. ಕಳ್ಳರು ಒಳಗೆ ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೇ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರುವ ಖಾಸಗಿ ದಾರಿ) ಖಾತೆಯ ಪಾಸ್‌ವರ್ಡ್‌ನಿಂದ. ಆ ಖಾತೆಗೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಎರಡನೇ ಪರಿಶೀಲನೆ ಇರಲಿಲ್ಲ. ಕಂಪನಿ ಕಳ್ಳರಿಗೆ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು.

ಆದ್ದರಿಂದ ಆಫೀಸಿನ ಪ್ರತಿ ಇಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಎಸ್‌ಎಂಎಸ್ ಒಟಿಪಿ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಇನ್ನೂ ಮೇಲು. ಹಣ ಮುಟ್ಟುವವರಿಗೆ, ಅಂದರೆ ಕಾರ್ಯದರ್ಶಿ, ಅಕೌಂಟೆಂಟ್ ಇಂಥವರಿಗೆ, ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಇರುವ ಡಿಜಿಟಲ್ ಕೀಲಿ) ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಕೊಡಿ. ನಕಲಿ ವೆಬ್‌ಸೈಟ್‌ನಲ್ಲಿ ಒಟಿಪಿಯನ್ನು ಮೋಸಹೋಗಿ ಟೈಪ್ ಮಾಡಿಬಿಡಬಹುದು. ಪಾಸ್‌ಕೀ ಮಾತ್ರ ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ, ಇಲ್ಲದಿದ್ದರೆ ಫೋನ್ ಕಳೆದ ದಿನ ನೀವೇ ಹೊರಗೆ ನಿಲ್ಲಬೇಕಾಗುತ್ತದೆ.

ನೀವು ಲಾಗಿನ್ ಮಾಡದೇ ಇರುವಾಗ ಫೋನಿಗೆ "ಲಾಗಿನ್ ಆಗುತ್ತಿರುವುದು ನೀವೇನಾ?" ಅಂತ ಸಂದೇಶ ಬಂದರೆ ಯಾವತ್ತೂ ಹೌದು ಒತ್ತಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಗೆ ನುಗ್ಗಿದವನು ಮಾಡಿದ್ದು ಇಷ್ಟೇ. ಅಲ್ಲಿನ ಗುತ್ತಿಗೆ ಕೆಲಸಗಾರನೊಬ್ಬನಿಗೆ ಮತ್ತೆ ಮತ್ತೆ ಇಂಥ ಕೋರಿಕೆ ಕಳಿಸಿದ, ಬೇಸತ್ತು ಕೊನೆಗೆ ಆತ ಒಪ್ಪಿಗೆ ಒತ್ತಿಬಿಟ್ಟ.

ಇನ್ನೊಂದು ಕೆಲಸ, ಐದೇ ನಿಮಿಷದ್ದು. ಇಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ನೋಡಿ. ಒಮ್ಮೆ ಒಳಗೆ ಬಂದವರು ನಿಮ್ಮ ಮೇಲ್‌ಗಳ ಪ್ರತಿ ತಮಗೆ ಬರುವಂತೆ ಅಲ್ಲಿ ಸೆಟ್ ಮಾಡಿಟ್ಟಿರುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಅದು ಹೋಗುವುದಿಲ್ಲ.

3. ಪಾಸ್‌ವರ್ಡ್: ಉದ್ದ ಇರಲಿ, ಬೇರೆ ಬೇರೆ ಇರಲಿ

ಊರಿನ ಹೆಸರು, ಅಟ್ ಗುರುತು, 123. ಈ ನಮೂನೆಯನ್ನು ಇವತ್ತೇ ಬಿಡಿ. ಸಂಬಂಧವೇ ಇಲ್ಲದ ನಾಲ್ಕೈದು ಪದಗಳನ್ನು ಸೇರಿಸಿದರೆ ನೆನಪೂ ಇರುತ್ತದೆ, ಒಡೆಯುವುದೂ ಕಷ್ಟ. ಮೂರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಬದಲಿಸುವ ನಿಯಮ ಬೇಡ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಿಂದಲೇ ಅದು ಬೇಡ ಎನ್ನುತ್ತಿದೆ, ಯಾಕೆಂದರೆ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ ಅಷ್ಟೇ. ಸೋರಿದೆ ಅಂತ ಅನುಮಾನ ಬಂದಾಗ ತಕ್ಷಣ ಬದಲಿಸಿ.

ಒಂದು ಕಡೆಯ ಪಾಸ್‌ವರ್ಡ್ ಇನ್ನೊಂದು ಕಡೆ ಹಾಕಬೇಡಿ. ಅಷ್ಟೆಲ್ಲ ನೆನಪಿಡಲು ಆಗಲ್ಲ, ಅಲ್ವಾ? ಅದಕ್ಕೇ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಬೀಗದಡಿ ಇಡುವ ಪಾಸ್‌ವರ್ಡ್ ಮ್ಯಾನೇಜರ್ ಇರುವುದು. ಬಿಟ್‌ವಾರ್ಡನ್, ಕೀಪಾಸ್ ಇಂಥವು ಉಚಿತವಾಗಿಯೇ ಸಿಗುತ್ತವೆ.

ಇಡೀ ಆಫೀಸಿಗೆ ಒಂದೇ ಲಾಗಿನ್ ಇಟ್ಟುಕೊಳ್ಳುವುದೂ ನಿಲ್ಲಬೇಕು. ತಪ್ಪಾದಾಗ ಯಾರಿಂದ ಆಯಿತು ಅಂತ ತಿಳಿಯುವುದಿಲ್ಲ, ಒಬ್ಬರು ಕೆಲಸ ಬಿಟ್ಟರೆ ಎಲ್ಲರ ಪಾಸ್‌ವರ್ಡ್ ಬದಲಿಸಬೇಕು. ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಮಾಡಿ, ಅದೂ ಅಡ್ಮಿನ್ ಅಧಿಕಾರ ಇಲ್ಲದ ಸಾಮಾನ್ಯ ಖಾತೆ. ಅಡ್ಮಿನ್ ಖಾತೆ ಪ್ರತ್ಯೇಕ ಇರಲಿ, ಸಾಫ್ಟ್‌ವೇರ್ ಹಾಕುವಾಗ ಮಾತ್ರ ಬಳಸಿ.

4. ಅಪ್‌ಡೇಟ್ ಮುಂದೂಡಬೇಡಿ

ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ರದ್ದಾದವು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ, ಅಂದರೆ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತ್ತು. ಎರಡು ತಿಂಗಳ ಸಮಯ ಇತ್ತು!

ವಿಂಡೋಸ್, ಬ್ರೌಸರ್, ಆಫೀಸ್ ಎಲ್ಲದಕ್ಕೂ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಹಾಕಿ. ಕೆಲಸದ ನಡುವೆ ರೀಸ್ಟಾರ್ಟ್ ಆಗುತ್ತದೆ ಅನ್ನುವ ಕಾರಣಕ್ಕೆ ಎಷ್ಟೋ ಕಡೆ ಇದನ್ನು ನಿಲ್ಲಿಸಿಟ್ಟಿರುತ್ತಾರೆ. ಶನಿವಾರ ಮಧ್ಯಾಹ್ನ ಮನೆಗೆ ಹೋಗುವ ಮೊದಲು ರೀಸ್ಟಾರ್ಟ್ ಅಂತ ಒಂದು ಪದ್ಧತಿ ಮಾಡಿಕೊಳ್ಳಿ. ರೂಟರ್‌ನ ಫರ್ಮ್‌ವೇರ್‌ಗೆ, ಅಂದರೆ ಅದರೊಳಗಿನ ಸಾಫ್ಟ್‌ವೇರ್‌ಗೆ, ಅಪ್‌ಡೇಟ್ ಬಂದಿದೆಯೇ ಅಂತ ಮೂರು ತಿಂಗಳಿಗೊಮ್ಮೆ ನೋಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇದ್ದರೆ ತೆಗೆದುಬಿಡಿ. ಆ ಕ್ರ್ಯಾಕ್ ಫೈಲ್ ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿರುತ್ತದೆ, ಬಾಗಿಲು ತೆಗೆದು ಬಾ ಅಂದ ಹಾಗೆ ಅದು.

5. ಹೊರಗಿನಿಂದ ಒಳಗೆ ಬರುವ ದಾರಿಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರು ರಿಪೇರಿಗೆ ಅಂತ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಸಿರುತ್ತಾರೆ. ಪ್ರತಿ ಸಲ ನಿಮ್ಮನ್ನು ಕೇಳುವುದು ಬೇಡ ಅಂತ ಒಂದು ಶಾಶ್ವತ ಪಾಸ್‌ವರ್ಡ್ ಕೂಡ ಇಟ್ಟಿರುತ್ತಾರೆ, ಆ ಪಾಸ್‌ವರ್ಡ್ ಅವರ ಎಲ್ಲಾ ಗಿರಾಕಿಗಳಿಗೂ ಒಂದೇ ಇರುವ ಸಾಧ್ಯತೆ ಇದೆ. ಆ ಶಾಶ್ವತ ಪಾಸ್‌ವರ್ಡ್ ತೆಗೆಯಿರಿ. ಅವರು ಫೋನ್ ಮಾಡಲಿ, ನೀವು ಅನುಮತಿ ಒತ್ತಿ, ಕೆಲಸ ಮುಗಿಯುವ ತನಕ ಸ್ಕ್ರೀನ್ ಮುಂದೆ ಕುಳಿತುಕೊಳ್ಳಿ, ಮುಗಿದ ಮೇಲೆ ಆ್ಯಪ್ ಮುಚ್ಚಿ.

ಮನೆಯಿಂದ ಕೆಲಸ ಮಾಡಲು ಅಂತ ರಿಮೋಟ್ ಡೆಸ್ಕ್‌ಟಾಪ್ ತೆರೆದಿದ್ದರೆ, ಅಂದರೆ ರೂಟರ್‌ನಲ್ಲಿ ಅದರ ಬಾಗಿಲಾದ 3389 ನಂಬರಿನ ಪೋರ್ಟ್ ಹೊರಗೆ ಕಾಣುವಂತೆ ಬಿಟ್ಟಿದ್ದರೆ, ಇವತ್ತೇ ಮುಚ್ಚಿಸಿ. ರಾನ್ಸಮ್‌ವೇರ್ ಗುಂಪುಗಳಿಗೆ ಅದು ಬಹಳ ಇಷ್ಟದ ದಾರಿ. ಬೇಕೇ ಬೇಕು ಅಂದರೆ ಎರಡು ಹಂತದ ಪರಿಶೀಲನೆ ಇರುವ ವಿಪಿಎನ್ ಮೂಲಕ ಮಾತ್ರ.

ಒಳಗೆ ಒಂದೇ ದೊಡ್ಡ ಹಜಾರದ ಥರ ನೆಟ್‌ವರ್ಕ್ ಇಡಬೇಡಿ. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು 2022ರ ನವೆಂಬರ್‌ನಲ್ಲಿ ಲಾಕ್ ಆದಾಗ ಹೊರರೋಗಿಗಳ ನೋಂದಣಿಯಿಂದ ಹಿಡಿದು ಲ್ಯಾಬ್ ರಿಪೋರ್ಟ್ ತನಕ ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಸಣ್ಣ ಆಫೀಸಿಗೆ ಇದು ಅಷ್ಟೇನೂ ಕಷ್ಟವಲ್ಲ. ಬರುವವರಿಗೆ ಗೆಸ್ಟ್ ವೈಫೈ ಬೇರೆ, ಸಿಸಿಟಿವಿ ಬೇರೆ, ಲೆಕ್ಕಪತ್ರದ ಕಂಪ್ಯೂಟರ್‌ಗಳು ಬೇರೆ. ರೂಟರ್ ಹಾಕುವವರಿಗೆ ಹೇಳಿದರೆ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.

6. ಬ್ಯಾಕಪ್, ಮತ್ತು ಅದನ್ನು ತೆರೆದು ನೋಡುವುದು

ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ.

ಒಂದು ಸಂಸ್ಥೆಯಲ್ಲಿ ಅಕೌಂಟೆಂಟ್ ತುಂಬಾ ಶಿಸ್ತಿನವರು. ಪ್ರತಿ ಸಂಜೆ ಟ್ಯಾಲಿ ಬ್ಯಾಕಪ್ ತಪ್ಪಿಸುತ್ತಿರಲಿಲ್ಲ. ಬ್ಯಾಕಪ್ ಹೋಗುತ್ತಿದ್ದ ಪೆನ್‌ಡ್ರೈವ್ ಕಂಪ್ಯೂಟರ್‌ನ ಹಿಂದೆ ಚುಚ್ಚಿದಲ್ಲೇ ಇತ್ತು. ರಾನ್ಸಮ್‌ವೇರ್ ಬಂದ ದಿನ ಕಂಪ್ಯೂಟರ್‌ನ ಫೈಲ್‌ಗಳ ಜೊತೆ ಪೆನ್‌ಡ್ರೈವ್‌ನ ಫೈಲ್‌ಗಳೂ ಲಾಕ್ ಆದವು. ಆಮೇಲೆ ಕಾಗದದ ವೋಚರ್‌ಗಳನ್ನು ನೆಲದ ಮೇಲೆ ತಿಂಗಳುವಾರು ಹರಡಿಕೊಂಡು, ಅವರು ಒಂದೊಂದಾಗಿ ಮತ್ತೆ ಟೈಪ್ ಮಾಡುತ್ತಾ ಕುಳಿತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರದ್ದು ತಪ್ಪೇನೂ ಇರಲಿಲ್ಲ. ಪೆನ್‌ಡ್ರೈವ್ ತೆಗೆದಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕ ಸುಲಭ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಮಾಧ್ಯಮ, ಒಂದು ಪ್ರತಿ ಆಫೀಸಿನ ಹೊರಗೆ. ನನ್ನ ಪ್ರಕಾರ ಇನ್ನೊಂದು ಸೇರಿಸಬೇಕು, ಒಂದು ಪ್ರತಿಯಾದರೂ ಯಾವ ಕೇಬಲ್‌ಗೂ ಅಂಟಿಕೊಂಡಿರಬಾರದು. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತನ್ನಿ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಟೇಪ್ ಅಂಟಿಸಿ. ಈ ವಾರ ಕೆಂಪು, ಮುಂದಿನ ವಾರ ಹಸಿರು. ಬ್ಯಾಕಪ್ ಮುಗಿದ ತಕ್ಷಣ ಬಿಚ್ಚಿ ತಿಜೋರಿಗೆ ಇಡಿ, ಒಂದು ಡಿಸ್ಕ್ ಯಾವಾಗಲೂ ಬೇರೆ ಕಟ್ಟಡದಲ್ಲಿರಲಿ. ಡಿಸ್ಕ್‌ಗೆ ಬಿಟ್‌ಲಾಕರ್ ಥರದ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ಬೀಗ) ಹಾಕಿ, ಯಾಕೆಂದರೆ ಕಳೆದುಹೋದ ಡಿಸ್ಕ್ ಕೂಡ ಮಾಹಿತಿ ಸೋರಿಕೆಯೇ. ದಿನದಿನದ್ದು ಕ್ಲೌಡ್‌ಗೆ ಹೋಗಲಿ. ಆದರೆ ಸುಮ್ನೆ ಸಿಂಕ್ ಆಗುವ ಫೋಲ್ಡರನ್ನು ಬ್ಯಾಕಪ್ ಅಂತ ನಂಬಬೇಡಿ, ಇಲ್ಲಿ ಫೈಲ್ ಹಾಳಾದರೆ ಹಾಳಾದದ್ದೇ ಅಲ್ಲಿಗೂ ಹೋಗುತ್ತದೆ. ಹಳೇ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದೆಯೇ ಅಂತ ನೋಡಿ.

ಮೇರ್ಸ್ಕ್ ಜಗತ್ತಿನ ದೊಡ್ಡ ಹಡಗು ಕಂಪನಿಗಳಲ್ಲಿ ಒಂದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ದಾಳಿಗೆ ಸಿಕ್ಕಿ ಅವರ ಇಡೀ ನೆಟ್‌ವರ್ಕ್ ಅಳಿಸಿಹೋಯಿತು. ಬಳಕೆದಾರರ ಖಾತೆಗಳನ್ನು ಇಟ್ಟುಕೊಳ್ಳುವ ಡೊಮೇನ್ ಕಂಟ್ರೋಲರ್‌ಗಳು ಒಂದಕ್ಕೊಂದು ಪ್ರತಿಯಾಗಿದ್ದವು, ಎಲ್ಲವೂ ಒಟ್ಟಿಗೇ ಹೋದವು. ಘಾನಾ ದೇಶದ ಆಫೀಸಿನ ಒಂದು ಮಾತ್ರ ಉಳಿಯಿತು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅದೊಂದರಿಂದ ಮತ್ತೆ ಎಲ್ಲವನ್ನೂ ಕಟ್ಟಿದರು. ಅವರಿಗೆ ಅದೃಷ್ಟದಿಂದ ಸಿಕ್ಕಿದ್ದನ್ನು ನಿಮಗೆ ಬಿಚ್ಚಿಟ್ಟ ಹಾರ್ಡ್‌ಡಿಸ್ಕ್ ಕೊಡುತ್ತದೆ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರ್‌ಗೆ ರೀಸ್ಟೋರ್ ಮಾಡಿ, ನಿನ್ನೆಯ ಬಾಕಿ ಸರಿಯಾಗಿ ಕಾಣುತ್ತದೆಯೇ ಅಂತ ನೋಡಿ. ಎಷ್ಟು ಗಂಟೆ ಹಿಡಿಯಿತು ಅಂತ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.

7. ಹಣ ಕಳಿಸುವ ಮೊದಲು ಒಂದು ಫೋನ್

ಸುಮಾರು ವರ್ಷದಿಂದ ವ್ಯವಹಾರ ಮಾಡುತ್ತಿದ್ದ ಸರಬರಾಜುದಾರರಿಂದ ಒಂದು ಆಫೀಸಿಗೆ ಮೇಲ್ ಬಂತು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳ ಬಿಲ್ ಹೊಸ ಖಾತೆಗೆ ಹಾಕಿ. ಹಳೇ ಮಾತುಕತೆ ಕೆಳಗೇ ಇತ್ತು, ಬಿಲ್ ನಂಬರ್ ಸರಿಯಿತ್ತು, ಲೆಟರ್‌ಹೆಡ್ ಸರಿಯಿತ್ತು. ನಾಲ್ಕು ಲಕ್ಷ ಚಿಲ್ಲರೆ ಹೋಯಿತು. ಆಮೇಲೆ ನಾನು ಆ ವಿಳಾಸವನ್ನು ದೊಡ್ಡದು ಮಾಡಿ ತೋರಿಸಿದೆ. ಇಂಗ್ಲಿಷ್‌ನ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಅಕ್ಕಪಕ್ಕ ಕುಳಿತಿದ್ದವು. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎಷ್ಟೇ ಹುಷಾರಾಗಿದ್ದರೂ ಸಂಜೆ ಐದು ಗಂಟೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಕಣ್ಣನ್ನು ನಂಬಬೇಡಿ, ನಿಯಮ ಮಾಡಿ. ಖಾತೆ ಸಂಖ್ಯೆ ಬದಲಾದರೆ, ಮೊದಲಿಂದ ನಿಮ್ಮ ಹತ್ತಿರ ಇರುವ ಫೋನ್ ನಂಬರ್‌ಗೆ ಕರೆ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಮಾಡಬೇಡಿ. ಇಂತಿಷ್ಟು ಮೊತ್ತಕ್ಕಿಂತ ಜಾಸ್ತಿ ಇದ್ದರೆ ಇಬ್ಬರ ಒಪ್ಪಿಗೆ ಬೇಕು, ಒಬ್ಬರು ಪಾವತಿ ಹಾಕಬೇಕು, ಇನ್ನೊಬ್ಬರು ತಮ್ಮದೇ ಕಂಪ್ಯೂಟರ್‌ನಲ್ಲಿ ಮಂಜೂರು ಮಾಡಬೇಕು. "ಅಧ್ಯಕ್ಷರು ಮೀಟಿಂಗ್‌ನಲ್ಲಿದ್ದಾರೆ, ತುರ್ತಾಗಿ ಕಳಿಸಿ" ಅನ್ನುವ ವಾಟ್ಸ್‌ಆ್ಯಪ್ ಸಂದೇಶಕ್ಕೂ ಇದೇ ನಿಯಮ. ಕರೆ ಮಾಡಿ ಕೇಳಿದ್ದಕ್ಕೆ ಯಾರಿಗೂ ಬೈಯುವುದಿಲ್ಲ ಅಂತ ಅಧ್ಯಕ್ಷರೇ ಎಲ್ಲರ ಮುಂದೆ ಹೇಳಲಿ.

ರಜೆಯ ಹಿಂದಿನ ಸಂಜೆ ವಿಶೇಷ ಎಚ್ಚರ ಇರಲಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 2016ರ ಫೆಬ್ರುವರಿಯಲ್ಲಿ 8.1 ಕೋಟಿ ಡಾಲರ್ ಕದ್ದವರು ಗುರುವಾರ ರಾತ್ರಿ ಆರಿಸಿಕೊಂಡಿದ್ದರು. ಢಾಕಾದಲ್ಲಿ ಶುಕ್ರವಾರ ರಜೆ, ನ್ಯೂಯಾರ್ಕ್‌ನಲ್ಲಿ ಶನಿವಾರ ರಜೆ.

8. ಕೆಲಸ ಮಾಡುವವರು

ವರ್ಷಕ್ಕೊಂದು ಮೂರು ಗಂಟೆಯ ಭಾಷಣದಿಂದ ಪ್ರಯೋಜನ ಇಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ, ಟೀ ಕುಡಿಯುವಾಗ, ನಿಜವಾಗಿ ಬಂದ ಒಂದು ಮೋಸದ ಸಂದೇಶವನ್ನು ಎಲ್ಲರಿಗೂ ತೋರಿಸಿ. ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟ ಎಪಿಕೆ ಫೈಲ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ಎಪಿಕೆ ಅಂದರೆ ಆ್ಯಪ್, ಅದನ್ನು ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್‌ಗಳೆಲ್ಲ ಕಳ್ಳರ ಕೈಗೆ ಹೋಗಬಹುದು ಅಂತ ಬಿಡಿಸಿ ಹೇಳಿ.

ತಪ್ಪಾಗಿ ಲಿಂಕ್ ಒತ್ತಿದವರು ಓಡಿ ಬಂದು ಹೇಳಿದರೆ ಬೈಯಬೇಡಿ. ಮೊದಲ ಹತ್ತು ನಿಮಿಷದಲ್ಲಿ ತಿಳಿದರೆ ಒಂದು ಕಂಪ್ಯೂಟರ್ ಹೋಗುತ್ತದೆ. ಹೆದರಿ ಮುಚ್ಚಿಟ್ಟರೆ ಇಡೀ ಆಫೀಸು ಹೋಗುತ್ತದೆ.

9. ಬೇಡದ ಮಾಹಿತಿ ಇಟ್ಟುಕೊಳ್ಳಬೇಡಿ

2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ನಮ್ಮ ಕರ್ನಾಟಕದಲ್ಲೇ ಹೊರಬಂದವು. ನೀವು ಯಾವುದೋ ಕಾಲದಲ್ಲಿ ಸ್ಕ್ಯಾನ್ ಮಾಡಿ ಮರೆತ ಒಂದು ಪ್ರತಿ ಯಾರದೋ ಪಿಂಚಣಿ ದುಡ್ಡಿಗೆ ಕುತ್ತು ತರಬಹುದು. ಆಧಾರ್ ಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕಾಗುತ್ತದೆಯೇ ಕೇಳಿ. ಡೌನ್‌ಲೋಡ್ಸ್ ಫೋಲ್ಡರ್, ವಾಟ್ಸ್‌ಆ್ಯಪ್ ವೆಬ್, ಜೆರಾಕ್ಸ್ ಯಂತ್ರದ ಮೆಮೊರಿ ಎಲ್ಲವನ್ನೂ ಖಾಲಿ ಮಾಡಿ. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಸೂಕ್ತ ರಕ್ಷಣೆ ಕೊಡದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿ ತನಕ ದಂಡಕ್ಕೆ ಅದರಲ್ಲಿ ಅವಕಾಶ ಇದೆ.

10. ಆಗಿಯೇ ಹೋದರೆ

ಸ್ಕ್ರೀನ್ ಮೇಲೆ ಹಣ ಕೇಳುವ ಸಂದೇಶ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಕಂಪ್ಯೂಟರ್ ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವು ಮೆಮೊರಿಯಲ್ಲಿ ಇರುತ್ತದೆ. ಮೊಬೈಲ್‌ನಲ್ಲಿ ಸ್ಕ್ರೀನಿನ ಫೋಟೋ ತೆಗೆಯಿರಿ, ಗಂಟೆ ಬರೆದುಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಅವಸರದಲ್ಲಿ ಚುಚ್ಚಲೇಬೇಡಿ. ಯಂತ್ರ ಶುದ್ಧ ಆಗಿದೆ ಅಂತ ಖಾತ್ರಿ ಆಗುವ ತನಕ ಅದು ತಿಜೋರಿಯಲ್ಲೇ ಇರಲಿ.

ಹಣ ಹೋಗಿದ್ದರೆ ಒಂದು ನಿಮಿಷ ಕೂಡ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಯಲ್ಲಿ ತಡೆಯಲು ಅವಕಾಶ ಜಾಸ್ತಿ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು, ಸಿಸ್ಟಮ್ ಲಾಗ್‌ಗಳನ್ನು (ಯಂತ್ರ ತಾನಾಗಿ ಬರೆದಿಡುವ ಚಟುವಟಿಕೆಯ ದಾಖಲೆ) 180 ದಿನ ಇಟ್ಟುಕೊಂಡಿರಬೇಕು. ಲಾಗ್ ಉಳಿಸುವ ಆಯ್ಕೆ ಇದೆಯೇ ಅಂತ ರೂಟರ್, ಸರ್ವರ್‌ಗಳಲ್ಲಿ ಈಗಲೇ ನೋಡಿಕೊಳ್ಳಿ, ಘಟನೆ ನಡೆದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಕಳ್ಳರಿಗೆ ಹಣ ಕೊಡಬೇಡಿ ಅನ್ನುವುದೇ ನನ್ನ ಸಲಹೆ. ಕೊಟ್ಟರೂ ಫೈಲ್ ತೆರೆಯುತ್ತದೆ ಅನ್ನುವ ಭರವಸೆ ಇಲ್ಲ. ಯುರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಶುರುಮಾಡಿದ ನೋ ಮೋರ್ ರಾನ್ಸಮ್ ತಾಣದಲ್ಲಿ ಕೆಲವು ಬಗೆಯ ರಾನ್ಸಮ್‌ವೇರ್‌ಗಳಿಗೆ ಉಚಿತ ಕೀಲಿ ಸಿಗುತ್ತದೆ, ಮೊದಲು ಅಲ್ಲಿ ಹುಡುಕಿಸಿ.

ಕೊನೆಯ ಕೆಲಸ ಒಂದು ಹಾಳೆಯದು. 1930, ಬ್ಯಾಂಕ್ ಮ್ಯಾನೇಜರ್, ಹತ್ತಿರದ ಸೈಬರ್ ಪೊಲೀಸ್ ಠಾಣೆ, ಸರ್ಟ್-ಇನ್, ಇಂಟರ್ನೆಟ್ ಕೊಟ್ಟವರು, ಸಾಫ್ಟ್‌ವೇರ್ ಕೊಟ್ಟವರು, ಅಧ್ಯಕ್ಷರು. ಇಷ್ಟು ಜನರ ನಂಬರ್ ಅದರಲ್ಲಿ ಇರಲಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಕೇಬಲ್ ಕೀಳಿ, ಆಫ್ ಮಾಡಬೇಡಿ, ಫೋಟೋ ತೆಗೆಯಿರಿ, ಫೋನ್ ಮಾಡಿ. ಕಂಪ್ಯೂಟರ್ ಲಾಕ್ ಆದ ದಿನ ಅದರೊಳಗೆ ಸೇವ್ ಮಾಡಿದ ನಂಬರ್ ಕೈಗೆ ಸಿಗುವುದಿಲ್ಲ, ಆದ್ದರಿಂದ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಬೀರು ಬಾಗಿಲಿನ ಒಳಗಡೆ ಅಂಟಿಸಿ. ಆಮೇಲೆ ಒಂದು ಬುಧವಾರ ಬೆಳಗ್ಗೆ, ಯಾರಿಗೂ ಮೊದಲೇ ಹೇಳದೆ, "ಈಗ ಈ ಕಂಪ್ಯೂಟರ್ ಲಾಕ್ ಆಗಿದೆ ಅಂದುಕೊಳ್ಳಿ" ಅಂತ ಹೇಳಿ, ಎಲ್ಲರೂ ಏನು ಮಾಡುತ್ತಾರೆ ಅಂತ ಗಡಿಯಾರ ಹಿಡಿದು ನೋಡಿ.